ಬಲೆ ಮೇಲೆ ಬರುವ ಹೊತ್ತು

ಶಾಲಿನಿ ವಿಡಿಯೋವನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಓಡಿಸಿದಳು. ಅನುಮಾನವೇ ಇಲ್ಲ. ಟ್ಯೂನಾ ಮೀನುಗಳ ರಾಶಿಯ ನಡುವೆ ಬೂದು ಬಣ್ಣದ ಬೆನ್ನೊಂದು ಬಲೆಗೆ ಡಿಕ್ಕಿ ಹೊಡೆಯುತ್ತಿತ್ತು. ಡಾಲ್ಫಿನ್. ಪಕ್ಕದಲ್ಲೇ ಇನ್ನೊಂದು, ಅಲುಗಾಡದೆ ಬಿದ್ದಿತ್ತು. ಇಂಥ ವಿಡಿಯೋಗೆ ಜೊತೆ ಕೆಲಸದ ಇಂಚರ ‘ಕ್ಲೀನ್’, ಅಂದರೆ ಡಾಲ್ಫಿನ್ ಇಲ್ಲ, ಎಂದು ಒತ್ತಿ ಕೈತೊಳೆದುಕೊಂಡಿದ್ದಳು.

ಜೆ.ಪಿ. ನಗರದಲ್ಲಿ, ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ ಕೂತು ಅವರು ಮಾಡುತ್ತಿದ್ದದ್ದು ಸಮುದ್ರ ಕಾಯುವ ಕೆಲಸ. ಎಲ್ಲೋ ದೂರದಲ್ಲಿ ಟ್ಯೂನಾ ಹಿಡಿಯುವ ಹಡಗುಗಳ ಮೇಲಿನ ಕ್ಯಾಮೆರಾ ಕಂಡದ್ದನ್ನೆಲ್ಲ ಇಲ್ಲಿ ನೋಡಬೇಕು. ಬಲೆಗೆ ಡಾಲ್ಫಿನ್ ಸಿಕ್ಕರೆ ಹಡಗಿನವರು ಬಿಟ್ಟುಬಿಡಬೇಕು, ಸತ್ತರೆ ಹೇಳಬೇಕು ಎಂಬುದು ನಿಯಮ. ಮುಚ್ಚಿಟ್ಟ ಹಡಗಿನ ಮೀನಿನ ಡಬ್ಬಿಗೆ ನಿಯಮ ಪಾಲಿಸಿದ ಗುರುತಾದ ಡಾಲ್ಫಿನ್ ಚಿತ್ರದ ಮುದ್ರೆ ಸಿಗುವುದಿಲ್ಲ, ಮುದ್ರೆಯಿಲ್ಲದ ಡಬ್ಬಿಯನ್ನು ದೊಡ್ಡ ಅಂಗಡಿಗಳು ಕೊಳ್ಳುವುದಿಲ್ಲ. ಇಂಚರಳಂಥವರು ಮೊದಲು ನೋಡುತ್ತಾರೆ. ಅವರು ನೋಡಿದ್ದರಲ್ಲಿ ಕೆಲವನ್ನು ಶಾಲಿನಿ ಮತ್ತೆ ನೋಡುತ್ತಾಳೆ.

ಆ ಕೆಲಸಕ್ಕೆ ಶಾಲಿನಿ ಹೇಳಿ ಮಾಡಿಸಿದವಳು. ಗಂಡ ದೇವರಾಜ್ ಟ್ರಾಫಿಕ್‌ನಲ್ಲಿದ್ದೇನೆ ಎಂದರೆ ಫೋನಿನಲ್ಲಿ ಹಾರನ್ ಕೇಳುವವರೆಗೆ ನಂಬುವವಳಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಬುಟ್ಟಿಯ ತಳ ನೋಡದೆ ಹಣ ಬಿಚ್ಚಿದವಳೂ ಅಲ್ಲ. ಈಗ ಅವಳಿಗೆ ಎಲ್ಲವೂ ಒಂದೊಂದಾಗಿ ನೆನಪಾಯಿತು. ಹಡಗು ಕಂಪನಿಯ ದಿನೇಶ್ ಎಂಬಾತ ಆಫೀಸು ನೋಡಲು ಬಂದಿದ್ದ. ಇಂಚರಳ ಕುರ್ಚಿಯ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದ. ಆಮೇಲೆ ಇಂಚರ ಬಸ್ಸು ಬಿಟ್ಟು ಸ್ಕೂಟರ್‌ನಲ್ಲಿ ಬರತೊಡಗಿದ್ದಳು. ದಿನಾ ಒಂದೇ ಟೇಬಲ್ಲಿನಲ್ಲಿ ಹುಳಿಯನ್ನ ಹಂಚಿಕೊಂಡು ತಿನ್ನುವ ಹುಡುಗಿ! ಶಾಲಿನಿಗೆ ಮೈ ಉರಿಯಿತು.

ನೀರಿನ ಫಿಲ್ಟರ್ ಇದ್ದದ್ದು ಇಂಚರಳ ಬೆನ್ನ ಹಿಂದೆ. ಶಾಲಿನಿ ಬಾಟಲಿ ಹಿಡಿದುಕೊಂಡು ಹೋಗಿ ನಲ್ಲಿ ತಿರುಗಿಸಿ ನಿಂತಳು. ಇಂಚರಳ ಪರದೆಯ ಮೇಲೆ ಬಲೆ ಮೇಲೇಳುತ್ತಿತ್ತು, ನೀರು ಕುದಿಯುವಂತೆ ನೊರೆಯೇಳುತ್ತಿತ್ತು. ಇಂಚರ ವೇಗ ಹೆಚ್ಚಿಸಿದಳು. ಆಮೇಲೆ ತಲೆ ತಗ್ಗಿಸಿ ಮಡಿಲಲ್ಲಿದ್ದ ಊಟದ ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಳು. ಬಲೆ ಹಡಗಿಗೆ ಬಂದ ಮೇಲೆಯೇ ಮುಖವೆತ್ತಿ ‘ಕ್ಲೀನ್’ ಒತ್ತಿದ್ದು. ಬಾಟಲಿ ತುಂಬಿ ನೀರು ಮಣಿಕಟ್ಟಿನ ಮೇಲೆ ಹರಿಯುತ್ತಿದ್ದದ್ದು ಶಾಲಿನಿಗೆ ಗೊತ್ತೇ ಆಗಲಿಲ್ಲ.

ಕಾಫಿಗೆ ಇಳಿಯುವಾಗ ಇಂಚರಳನ್ನು ಮೆಟ್ಟಿಲಲ್ಲೇ ತಡೆದಳು.

“ದಿನೇಶ್ ಏನ್ ಕೊಟ್ಟ ನಿಂಗೆ?”

“ಚಾಕ್ಲೇಟು. ನಿಮ್ಗೂ ಕೊಟ್ರಲ್ಲ ಅಕ್ಕ?”

“ನಾಟ್ಕ ಬೇಡ. ಡಾಲ್ಫಿನ್ ಕಣ್ಮುಂದೆ ಇದೆ, ಕ್ಲೀನ್ ಅಂತ ಹಾಕಿದ್ಯ. ಸ್ಕೂಟರ್ ಎಲ್ಲಿಂದ ಬಂತು?”

“ಸ್ಕೂಟರ್ ಅಪ್ಪಂದು. ಅವ್ರಿಗೆ ಓಡ್ಸಕ್ಕಾಗ್ತಿಲ್ಲ ಅಂತ ನಂಗೆ ಕೊಟ್ರು. ನಾನ್ ನೋಡ್ಲಿಲ್ಲ ಅಕ್ಕ. ಬಲೆ ಮೇಲ್ ಬರೋ ಟೈಮಲ್ಲಿ ನೋಡಕ್ಕಾಗಲ್ಲ. ಮೊದ್ಲು ನೋಡ್ತಿದ್ದೆ. ಒಂದ್ಸಲ ತಾಯಿ ಒಂದು, ಮರೀನ ಮೂತೀಲಿ ಮೇಲಕ್ಕೆ ಎತ್ತೆತ್ತಿ ಹಿಡೀತಿತ್ತು, ಉಸಿರಾಡ್ಲಿ ಅಂತ. ನಿಲ್ಲಿಸಿ ನಿಲ್ಲಿಸಿ ನೋಡಿ, ಬದುಕಿದ್ಯಾ ಸತ್ತಿದ್ಯಾ ಅಂತ ಬರೀಬೇಕಲ್ಲ... ಅವತ್ತಿಂದ ಆಗ್ತಿಲ್ಲ.”

“ಹಂಗಂತ ಸುಳ್ಳು ಒತ್ತೋದಾ?”

“ತಪ್ಪೇ. ಇನ್ಮೇಲೆ ನೋಡ್ತೀನಿ, ದೇವ್ರಾಣೆ. ಪ್ರಸನ್ನ ಸಾರ್‌ಗೆ ಹೇಳ್ಬೇಡಿ. ಈ ಕೆಲ್ಸ ಹೋದ್ರೆ ಮನೇಲಿ ಅವ್ರು ನೋಡಿಟ್ಟಿರೋ ಗಂಡಿಗೇ ಕಟ್ಬಿಡ್ತಾರೆ ನನ್ನ.”

ಶಾಲಿನಿ ನಂಬಲಿಲ್ಲ. ತಾಯಿಯಂತೆ, ಮರಿಯಂತೆ! ಸಿಕ್ಕಿಬಿದ್ದವರಿಗೆ ಕಥೆ ಕಟ್ಟುವುದು ಕಷ್ಟವೇ? ನಂಬಿದರೂ, ಈ ಹುಡುಗಿ ಜಿಪ್ ಎಳೆಯುತ್ತಿದ್ದಾಗ ಸತ್ತವನ್ನು ಕೇಳುವವರು ಯಾರು? ಮಧ್ಯಾಹ್ನವೇ ಮೇಲಿನ ಅಧಿಕಾರಿ ಪ್ರಸನ್ನನ ಕೋಣೆಗೆ ಹೋಗಿ ಹೇಳಿಬಿಟ್ಟಳು.

“ದುಡ್ಡು ತಗೊಂಡಿದ್ದಾಳಾ?” ಎಂದು ಅವನು ಕೇಳಿದ.

“ಗೊತ್ತಿಲ್ಲ ಸಾರ್. ಅನುಮಾನ ಇದೆ,” ಎಂದಳು.

ಅಷ್ಟು ಸಾಕಾಯಿತು. ಇಂಚರ ತನ್ನ ಚೀಲ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ಮಾರನೆಯ ವಾರ ತ್ಯಾಗರಾಜನಗರದ ಅವಳ ಮನೆಯಲ್ಲಿ ನಿಶ್ಚಿತಾರ್ಥ ಎಂಬ ಸುದ್ದಿ ಆಫೀಸಿಗೆ ಬಂತು. ಶಾಲಿನಿ ಅದನ್ನೂ ಮೊದಲು ನಂಬಲಿಲ್ಲ.

ಇಂಚರ ನೋಡಿದ್ದನ್ನೆಲ್ಲ ಮತ್ತೆ ನೋಡುವ ಕೆಲಸ ಶಾಲಿನಿಯ ಪಾಲಿಗೇ ಬಂತು. ಅದಕ್ಕೆಂದು ಇಂಚರಳ ಕುರ್ಚಿಯಲ್ಲೇ ಕೂತಳು. ಇತ್ತೀಚಿನವಕ್ಕೆಲ್ಲ ‘ಕ್ಲೀನ್’ ಎಂದಿತ್ತು, ಬರೀ ಸುಳ್ಳು. ಹಲ್ಲು ಕಚ್ಚಿಕೊಂಡು ತಿದ್ದಿದಳು. ಹಳೆಯದಕ್ಕೆ ಹೋದಳು. ಒಂದರ ಕೆಳಗೆ ಇಂಚರಳೇ ಬರೆದಿದ್ದಳು: ‘ತಾಯಿ ಬದುಕಿದೆ. ಮರಿ ಸತ್ತಿದೆ.’

ಶಾಲಿನಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ವಿಡಿಯೋ ಓಡಿಸಿದಳು. ಬಲೆ ಮೇಲೇಳುತ್ತಿತ್ತು. ಮೂಲೆಯಲ್ಲಿ ದೊಡ್ಡದೊಂದು ತನ್ನ ಮೂತಿಯ ಮೇಲೆ ಚಿಕ್ಕದನ್ನು ಹೊತ್ತು ನೀರಿನಿಂದ ಹೊರಗೆ ಎತ್ತಿತು. ಚಿಕ್ಕದು ಜಾರಿತು. ಮತ್ತೆ ಎತ್ತಿತು. ಮತ್ತೆ ಜಾರಿತು. ಕೆಳಗೆ ದರ್ಶಿನಿಯಲ್ಲಿ ಯಾರೋ ಖಾಲಿ ದೋಸೆ ಎಂದು ಕೂಗುತ್ತಿದ್ದರು.

ಅವಳು ಮತ್ತೆ ಪರದೆ ನೋಡಿದಾಗ ಬಲೆ ಆಗಲೇ ಹಡಗಿನ ಮೇಲಿತ್ತು. ನಡುವಿನದು ಅವಳಿಗೆ ಕಂಡಿರಲಿಲ್ಲ. ಅವಳ ಬೆರಳು ತನ್ನ ಊಟದ ಚೀಲದ ಜಿಪ್ಪಿನ ಮೇಲಿತ್ತು.

ಗಾಬರಿಯಿಂದ ಹಿಂತಿರುಗಿ ನೋಡಿದಳು. ಫಿಲ್ಟರ್ ಹತ್ತಿರ ಪ್ರಸನ್ನ ಬಾಟಲಿ ಹಿಡಿದು ನಿಂತಿದ್ದ. ಬಾಟಲಿ ಯಾವಾಗಲೋ ತುಂಬಿತ್ತು. ನೀರು ಅವನ ಕೈಮೇಲಿಂದ ನೆಲಕ್ಕೆ ಸುರಿಯುತ್ತಲೇ ಇತ್ತು.