ಕರಿಕಿವಿಗೆ ತಿನಿಸಿದ ಗುಳಿಗೆ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದ ಖಾಸಗಿ ಪ್ರಯೋಗಾಲಯದಲ್ಲಿ ಶಿವಾನಿ ಪಶುವೈದ್ಯೆ. ಅಣುಸ್ಥಾವರದಲ್ಲಿ ಅವಘಡವಾಗಿ ಜನರಿಗೆ ವಿಕಿರಣ ತಗುಲಿದರೆ ಕೊಡಬೇಕಾದ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಿ ನೋಡುವಂತಿಲ್ಲ. ಅದಕ್ಕಾಗಿ ಹಂದಿಗಳು. ವಿಕಿರಣದಿಂದ ಬರುವ ಕಾಯಿಲೆ ಹಂದಿಯ ಮೈಯಲ್ಲಿ ಹೇಗೆ ಬೆಳೆದು ಹೇಗೆ ಕೊಲ್ಲುತ್ತದೆ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಹೋಲಿಸಿ ನೋಡಲು ಅರ್ಧ ಹಂದಿಗಳಿಗೆ ಸಲೈನು, ಆಂಟಿಬಯಾಟಿಕ್. ಉಳಿದರ್ಧಕ್ಕೆ ನೋವಿನ ಔಷಧ ಬಿಟ್ಟರೆ ಏನೂ ಇಲ್ಲ.

ಮೇವು ಹಾಕಿ ಕೊಟ್ಟಿಗೆ ತೊಳೆಯುವವಳು ದೇವಾಪುರದ ಮರಿಲಿಂಗಮ್ಮ. ಔಷಧವಿಲ್ಲದ ಗುಂಪಿನ ಒಂದು ಹೆಣ್ಣುಹಂದಿಯನ್ನು ಅವಳು ‘ಕರಿಕಿವಿ’ ಎಂದು ಕರೆಯುತ್ತಿದ್ದಳು.

ವಿಕಿರಣ ಕೊಟ್ಟ ದಿನ ಎಲ್ಲವೂ ವಾಂತಿ ಮಾಡಿಕೊಂಡವು. ಆಮೇಲೆ ಚೇತರಿಸಿಕೊಂಡು ತಿನ್ನತೊಡಗಿದವು.

“ಗೆದ್ದುವಲ್ರಿ ಮೇಡಂ! ಹೆಂಗ ತಿನ್ನಾಕತ್ತಾವ ನೋಡ್ರಿ!” ಎಂದಳು ಮರಿಲಿಂಗಮ್ಮ.

“ಇಲ್ಲವ್ವ, ಇದು ನಡುವಿನ ಬಿಡುವು ಅಷ್ಟ. ಒಳಗ ಎಲುಬಿನಾಗ ರಕ್ತ ಹುಟ್ಟೋದು ನಿಂತೈತಿ. ಇನ್ನೊಂದು ವಾರಕ್ಕ ಬೀಳ್ತಾವ.”

ಮರಿಲಿಂಗಮ್ಮ ನಂಬಲಿಲ್ಲ. ಅಷ್ಟು ಚೆನ್ನಾಗಿ ತಿನ್ನುವ ಪ್ರಾಣಿ ಸಾಯುವುದನ್ನು ಅವಳು ಕಂಡಿರಲಿಲ್ಲ.

ವಾರ ಕಳೆಯಿತು. ಹಂದಿಗಳ ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳೆದ್ದವು. ಜ್ವರ, ರಕ್ತಭೇದಿ. ಔಷಧವಿಲ್ಲದ ಗುಂಪಿನಲ್ಲಿ ಕರಿಕಿವಿಯ ಜ್ವರ ಮಾತ್ರ ಇದ್ದಕ್ಕಿದ್ದಂತೆ ಇಳಿಯಿತು. ಶಿವಾನಿಗೆ ಅನುಮಾನ ಬಂತು.

“ಇದಕ್ಕ ಏನರ ಕೊಟ್ಟೀಯೇನು?”

ಮರಿಲಿಂಗಮ್ಮ ಮುಚ್ಚಿಡಲಿಲ್ಲ. “ಹೌದ್ರಿ. ನನ್ನ ಜ್ವರಕ್ಕ ಸುರಪುರದ ಡಾಕ್ಟರು ಕೊಟ್ಟ ಗುಳಿಗಿ ಉಳದಿದ್ವು. ಬೆಲ್ಲದಾಗ ಅರದು ತಿನಿಸೀನಿ. ಆಚಿ ಮಗ್ಗಲಿನವಕ್ಕ ನೀವ ಕೊಡ್ತೀರಿ. ಇದೇನು ಪಾಪ ಮಾಡೈತ್ರಿ?”

ಶಿವಾನಿಗೆ ಸಿಟ್ಟು ಬರಲಿಲ್ಲ. ಆದರೆ ಮುಚ್ಚಿಟ್ಟರೆ ಇಡೀ ಪ್ರಯೋಗವೇ ಸುಳ್ಳಾಗುತ್ತಿತ್ತು. ನಾಳೆ ಆ ಸುಳ್ಳನ್ನು ನಂಬಿ ಯಾರಿಗೋ ಔಷಧ ಕೊಡುತ್ತಾರೆ. ಮುಖ್ಯಸ್ಥರಿಗೆ ಫೋನ್ ಮಾಡಿದಳು. ಅವರು ಬೈಯಲಿಲ್ಲ. “ಅದನ್ನು ಪ್ರಯೋಗದಿಂದ ಕೈಬಿಡಿ. ಅದರ ಬದಲಿಗೆ ಇನ್ನೊಂದಕ್ಕೆ ವಿಕಿರಣ ಕೊಡಿ” ಎಂದರು.

ಶಿವಾನಿ ಇದನ್ನು ಮರಿಲಿಂಗಮ್ಮನಿಗೆ ಹೇಳಿದಳು.

“ಅಂದ್ರ ನನ್ನಿಂದ ಇನ್ನೊಂದು ಸಾಯ್ತೈತೇನ್ರಿ?”

“ಹೌದು.”

“ಕರಿಕಿವಿನರ ಉಳೀತೈತೇನು?”

“ಈಗ ಇದಕ್ಕ ಔಷಧ ಕೊಡಾಕ ಅಡ್ಡಿಯಿಲ್ಲ. ನೋಡೂಣು.”

ಶಿವಾನಿ ತಾನೇ ಸಲೈನು ಏರಿಸಿದಳು. ಹೊತ್ತು ಮೀರಿತ್ತು. ಮರುದಿನ ಕರಿಕಿವಿಗೆ ಏಳಲಾಗಲಿಲ್ಲ. ಮೂಗಿನಿಂದ ರಕ್ತ ಸೋರುತ್ತಿತ್ತು. ಇನ್ನು ನರಳದಿರಲೆಂದು ಶಿವಾನಿ ಜೀವ ತೆಗೆಯುವ ಚುಚ್ಚುಮದ್ದು ಕೊಡುವಾಗ ಮರಿಲಿಂಗಮ್ಮ ಅದರ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಜೀವ ಹೋದ ಮೇಲೂ ಬಹಳ ಹೊತ್ತು ಕೈ ತೆಗೆಯಲಿಲ್ಲ.

ಬದಲಿ ಹಂದಿ ಬಂತು. ಬೇರೆ ಕೆಲಸ ಕೊಡಿಸುತ್ತೇನೆಂದು ಶಿವಾನಿ ಹೇಳಿದರೆ ಮರಿಲಿಂಗಮ್ಮ ಒಪ್ಪಲಿಲ್ಲ. “ನನ್ನ ಸಲುವಾಗಿ ಬಂದೈತ್ರಿ. ನಾನಽ ನೋಡ್ಕೋತೀನಿ.” ಅದರ ಮೈ ತಿಕ್ಕಿ ತೊಳೆದಳು. ಹೆಸರಿಡಲಿಲ್ಲ. ಅದು ಬಿದ್ದು ನರಳುವಾಗ ಪಕ್ಕದಲ್ಲೇ ಕೂತಳು, ಏನನ್ನೂ ತಿನಿಸಲಿಲ್ಲ. ಅದು ಸತ್ತು, ಹೆಣ ಸಾಗಿಸಿದ ದಿನ ಕೊಟ್ಟಿಗೆ ತೊಳೆದು ಮನೆಗೆ ಹೋದವಳು ಮತ್ತೆ ಬರಲಿಲ್ಲ.

ಶಿವಾನಿ ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟೇ: “ಸಿಟ್ಟಿಲ್ರಿ ನಿಮ್ಮ ಮ್ಯಾಲ. ನನ್ನ ಕೈಲಾಗಂಗಿಲ್ಲ.”

ಪ್ರಯೋಗದ ಫಲಿತಾಂಶಕ್ಕೆ ಒಪ್ಪಿಗೆ ಸಿಕ್ಕಿತು. ಔಷಧಗಳ ಪರೀಕ್ಷೆಗೆ ಹೊಸ ಹಂದಿಗಳು ಬಂದಿಳಿದವು. ಹೊಸ ಆಳು ಸಿಗುವವರೆಗೆ ಅವುಗಳಿಗೆ ಮೇವು ಹಾಕುವ ಕೆಲಸ ಶಿವಾನಿಯದಾಯಿತು.