ಬಲೂನು ವಾಲಿದ ಕಡೆ

“ಮುಂದಕ್ಕ ಹೋಗತೈತ್ರೀ ಸರ್,” ಎಂದಳು ಚನ್ನಕ್ಕ. ಕಾಲೇಜು ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನಗದೇ ಏನು ಮಾಡಿಯಾರು? ಬಸ್ಸು ದಡಕ್ಕನೆ ಹೊರಟರೆ ಕೂತವರು ಹಿಂದಕ್ಕೆ ವಾಲುತ್ತಾರೆ, ಅದು ಹಾಲು ಕುಡಿಯುವ ಕೂಸಿಗೂ ಗೊತ್ತು. ವಿಜ್ಞಾನ ಮೇಳಕ್ಕೆಂದು ಕೊಂಡು, ಸೀಟಿಗೆ ದಾರ ಕಟ್ಟಿದ್ದ ಗ್ಯಾಸ್ ಬಲೂನು ಎತ್ತ ವಾಲುತ್ತದೆ ಎಂದು ಕೇಳಿದ್ದು ಭೌತಶಾಸ್ತ್ರದ ಅನಂತರಾಜು ಮೇಷ್ಟ್ರು. ಹಿಂದಕ್ಕೆ ಎಂಬ ಉತ್ತರವನ್ನೂ ಅವರೇ ಕೊಟ್ಟಿದ್ದರು.

ಜಮಖಂಡಿ ಕಡೆಯ ಚನ್ನಕ್ಕ ಒಂಬತ್ತು ವರ್ಷದಿಂದ ಅವರ ಲ್ಯಾಬು ಗುಡಿಸಿ, ಸಾಮಾನು ಒರೆಸುತ್ತಿದ್ದಳು. ಸಹಾಯಕಿಯ ಕೆಲಸ ಖಾಲಿಯಾದಾಗ ಬಾಯಿಬಿಟ್ಟು ಕೇಳಿದ್ದಳು. ಒರೆಸುವುದು ಬೇರೆ, ಅರಿಯುವುದು ಬೇರೆ ಎಂದು ಮೇಷ್ಟ್ರು ಅಡ್ಡಗಾಲು ಹಾಕಿದ್ದರು. ತೀರ್ಮಾನಿಸಬೇಕಾದ ಕಾರ್ಯದರ್ಶಿ ಗಂಗರತ್ನಮ್ಮ ಈಗ ಮುಂದಿನ ಸೀಟಿನಲ್ಲೇ ಇದ್ದರು. ಕಾಲೇಜು ಎದ್ದದ್ದು ಅವರ ರಾಗಿ ಹೊಲದಲ್ಲಿ. ಅವರೆದುರು ಮಾತು ಸುಳ್ಳಾದರೆ ಕೆಲಸದ ಆಸೆ ಅಲ್ಲಿಗೇ ಮುಗಿಯಿತು.

“ಅದೆಂಗೆ ಅಂತೀಯಮ್ಮ?” ಎಂದರು ಗಂಗರತ್ನಮ್ಮ.

“ನಮ್ಮ ಮನ್ಯಾರು ಗೌಂಡಿ ಕೆಲಸ ಮಾಡ್ತಾರ್ರೀ. ಗೋಡಿ ಮಟ್ಟ ನೋಡೋ ರಸಮಟ್ಟ ತೊಡಿ ಮ್ಯಾಲ ಇಟ್ಕೊಂಡು ಅವರ ಗಾಡಿ ಹಿಂದ ಕುಂತಿರ್ತೀನಿ. ಗಾಡಿ ಬಿಟ್ಟ ಕೂಡ್ಲೇ ಒಳಗಿನ ನೀರು ಹಿಂದ ಸರೀತೈತಿ, ಗುಳ್ಳಿ ಮುಂದ ಓಡ್ತೈತಿ. ಬಸ್ಸಿನ್ಯಾಗ ಗಾಳಿನ ನೀರಿದ್ದಂಗ, ಬಲೂನ ಗುಳ್ಳಿ ಇದ್ದಂಗ.”

ಮೇಷ್ಟ್ರು ಮುಗುಳ್ನಕ್ಕು ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಬಸ್ಸು ನಿಂತಿದ್ದ ಕೊಡಿಗೇಹಳ್ಳಿ ಸಿಗ್ನಲ್ ಹಸಿರಾಯಿತು. ಡ್ರೈವರ್ ಅತಾವುಲ್ಲಾನಿಗೂ ಕುತೂಹಲ ತಡೆಯಲಿಲ್ಲವೇನೋ, ಆಕ್ಸಿಲರೇಟರ್ ತುಳಿದೇಬಿಟ್ಟ. ಎಲ್ಲರ ತಲೆಯೂ ಹಿಂದಕ್ಕೆ ಹೋಯಿತು. ಬಲೂನು ಮಾತ್ರ ದಾರ ಜಗ್ಗಿಕೊಂಡು ಮುಂದಕ್ಕೆ ವಾಲಿತು.

ನಗು ನಿಂತಿತು. ಮೇಷ್ಟ್ರು ಸುಲಭಕ್ಕೆ ಸೋಲುವವರಲ್ಲ, ಬ್ರೇಕ್ ಹಾಕಿಸಿಯೂ ನೋಡೋಣ ಎಂದರು. ಈ ಸಲ ಯಾರೂ ಕೇಳುವ ಮೊದಲೇ ಚನ್ನಕ್ಕ ಹೇಳಿದಳು, ನಾವು ಮುಂದಕ್ಕೆ, ಅದು ಹಿಂದಕ್ಕೆ. ಹಿಂದೆ ವಾಹನವಿಲ್ಲದ್ದನ್ನು ನೋಡಿಕೊಂಡು ಅತಾವುಲ್ಲಾ ಬ್ರೇಕ್ ಒತ್ತಿದ. ಮುಂದಕ್ಕೆ ಮುಗ್ಗರಿಸಿದ ಮೇಷ್ಟ್ರ ಕನ್ನಡಕಕ್ಕೆ ಬಲೂನು ಹಿಂದಕ್ಕೆ ಬಂದು ಬಡಿಯಿತು. ಬಸ್ಸೆಲ್ಲ ಚಪ್ಪಾಳೆ.

“ಸೋಮ್ವಾರದಿಂದ ಲ್ಯಾಬ್ ಕೆಲ್ಸ ನಿಂದೇ ಕಣಮ್ಮ,” ಎಂದರು ಗಂಗರತ್ನಮ್ಮ. ಚನ್ನಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಅಳು, ನಗು ಎರಡೂ ಒಟ್ಟಿಗೇ ಬಂದವು.

ಹೆಬ್ಬಾಳ ಹತ್ತಿರವಾದಾಗ ಅನಂತರಾಜು ಎದ್ದು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತರು. ಡೈರಿ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

“ಇನ್ನೊಂದ್ಸಲ ನಿಧಾನವಾಗಿ ಹೇಳಿ ಚನ್ನಕ್ಕ,” ಎಂದರು. “ಬರ್ಕೋತೀನಿ.”