ಪೂರ್ತಿ ಒಂದು ಸುತ್ತು

ಟೈಲರಮ್ಮ ಸೂಜಿಯನ್ನು ಸ್ವೆಟರಿನ ಒಳಮಗ್ಗುಲಿನಿಂದ ಮೇಲಕ್ಕೆಳೆದು, ದಾರವನ್ನು ಗುಂಡಿಯ ಬುಡಕ್ಕೆ ಬಿಗಿಯಾಗಿ ಸುತ್ತಿ, ಹಲ್ಲಿನಿಂದ ಕಡಿದಳು. ಸ್ವೆಟರು ಬೀಗಿತ್ತಿಯ ಮೈಮೇಲೆಯೇ ಇತ್ತು. ಬೀಗಿತ್ತಿ ಪೆಟ್ಟಿಗೆಯಲ್ಲಿ ಮಲಗಿದ್ದಳು. ಬದುಕಿದ್ದಾಗ ಯಾರಾದರೂ ಮೈ ಮುಟ್ಟಿದರೆ ಕಚಗುಳಿಯೆಂದು ಕುಣಿದಾಡುತ್ತಿದ್ದ ಹೆಂಗಸು, ಇವತ್ತು ತುಟಿಪಿಟಕ್ಕೆನ್ನದೆ ಗುಂಡಿ ಹಾಕಿಸಿಕೊಂಡಳು.

“ಏನ್ ಮಾಡ್ತಿದ್ದೀರಿ ಅತ್ತೆ?”

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಪೆಟ್ಟಿಗೆಯಲ್ಲಿದ್ದವಳು ಅವಳನ್ನು ಹೆತ್ತ ತಾಯಿ. ಅತ್ತತ್ತು ಅವಳ ಮುಖ ಊದಿಕೊಂಡಿತ್ತು.

“ಗುಂಡಿ ಬಿದ್ದುಹೋಗಿತ್ತು. ಹಾಕಿದೆ.”

“ಮನೆಯಿಂದ ಆಚೆಗೇ ಹೋಗದವಳ ಗುಂಡಿ ಎಲ್ಲಿ ಬಿದ್ದುಹೋಗುತ್ತೆ? ಇವತ್ತಾದ್ರೂ ಅಮ್ಮನ್ನ ಅವಳ ಪಾಡಿಗೆ ಬಿಡಿ ಅತ್ತೆ. ದಮ್ಮಯ್ಯ ಅಂತೀನಿ.”

ಗುಂಡಿ ಬಿದ್ದದ್ದು ಕಳೆದ ವಾರ, ಬಸ್ಸಿನ ಬಾಗಿಲಿಗೆ ಸಿಕ್ಕಿ. ಅಂದಿನಿಂದ ಅದು ಟೈಲರಮ್ಮನ ಚೀಲದಲ್ಲಿ ಕೂತಿತ್ತು. ಆದರೆ ಅದನ್ನು ಹೇಳುವ ಹಾಗಿರಲಿಲ್ಲ. ಅವಳು ಸೂಜಿಯನ್ನು ತನ್ನ ಕೊರಳಪಟ್ಟಿಗೆ ಚುಚ್ಚಿಕೊಂಡು ಎದ್ದಳು.

ಹಜಾರದಲ್ಲಿ ನೆಂಟರೂ ಅಕ್ಕಪಕ್ಕದವರೂ ಕೂತಿದ್ದರು. ಕೆಳಮನೆಯ ಹೆಂಗಸು ಸೊಸೆಯ ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿ, ಇಡೀ ಹಜಾರಕ್ಕೆ ಕೇಳುವಂತೆ ಪಿಸುಗುಟ್ಟಿದಳು. “ಇಬ್ಬರದೂ ಎಣ್ಣೆ ಸೀಗೇಕಾಯಿ ಅಂತೀನಿ. ಸಂಜೆಯಾದ್ರೆ ಸಾಕು, ನಮ್ಮನೆ ಸೂರು ಹಾರಿಹೋಗ್ತಿತ್ತು. ಇನ್ನು ಈಯಮ್ಮ ಯಾರ ಜೊತೆ ಕಾಲು ಕೆರೀತಾರೋ!”

“ಗೋಡೆ ಜೊತೆ,” ಎಂದಳು ಚಿಕ್ಕಮ್ಮ.

ಸೊಸೆ ಅದನ್ನು ಕೇಳಿಸಿಕೊಂಡಳು. “ತಪ್ಪು ನಂದೇ ಚಿಕ್ಕಮ್ಮ. ನಾನೇ ಕರ್ಕೊಂಡು ಬಂದು ಕೂಡಿಹಾಕಿದೆ. ಇಷ್ಟು ದೊಡ್ಡ ಊರು, ಅಮ್ಮ ನೋಡಿದ್ದು ಒಂದು ಕಿಟಕಿ ಮಾತ್ರ. ಒಂದು ದಿನ ಸುಖ ಅಂತ ಕಾಣಲಿಲ್ಲ,” ಎಂದು ಬಿಕ್ಕಿದಳು.

ಟೈಲರಮ್ಮನಿಗೆ ಎದ್ದುನಿಂತು, ಇಲ್ಲ ಮಗಳೇ, ನಿಮ್ಮಮ್ಮ ಈ ಊರನ್ನು ಬಾಯಿ ಚಪ್ಪರಿಸಿಕೊಂಡು ತಿಂದಳು ಎಂದು ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಮುಂದಿನ ಮಾತು ಏನು ಬರುತ್ತದೆಂದೂ ಗೊತ್ತಿತ್ತು: ಡಾಕ್ಟರು ಓಡಾಡಬಾರದು ಅಂದಿದ್ದವಳನ್ನು ಊರೆಲ್ಲ ಅಲೆಸಿ ಕೊಂದವಳು ನೀವೇ. ಒಂದೇ ಸೂರಿನಡಿ ಇನ್ನು ಬಾಳಬೇಕಾದದ್ದು ಈ ಸೊಸೆಯ ಜೊತೆ.

*

ಜಗಳ ಮೊದಮೊದಲು ಸುಳ್ಳೇನಾಗಿರಲಿಲ್ಲ. ಅದು ಶುರುವಾದದ್ದು ಮಕ್ಕಳ ಮದುವೆಯಲ್ಲೇ. ಗಂಡಿನ ತಾಯಿ ಬದುಕೆಲ್ಲ ಹೊಲಿಗೆ ಅಂಗಡಿ ನಡೆಸಿದವಳು, ಎದುರಿಗೆ ಬಂದವರ ಅಳತೆಯನ್ನು ಕಣ್ಣಲ್ಲೇ ತೆಗೆಯುವವಳು. ಹೆಣ್ಣಿನ ತಾಯಿ ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರುಗಳಿಗೇ ಗದರಿ ಸೈ ಅನ್ನಿಸಿಕೊಂಡವಳು. “ನಿಮ್ಮ ಕೋಟಿನ ಭುಜ ಒಂದು ಮೇಲಿದೆ, ಒಂದು ಕೆಳಗಿದೆ,” ಎಂದಳು ಮೊದಲನೆಯವಳು. “ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಟೈಲರಮ್ಮ,” ಎಂದಳು ಎರಡನೆಯವಳು. “ಆಗಲಿ ನರ್ಸಮ್ಮ.” ಆ ಹೆಸರುಗಳು ಅಲ್ಲಿಂದ ಅಂಟಿಕೊಂಡವು.

ಗಂಡಂದಿರು ತೀರಿಕೊಂಡ ಮೇಲೆ ಇಬ್ಬರೂ ಮಕ್ಕಳ ಮನೆಗೆ ಬಂದರು. ಅಕ್ಕಪಕ್ಕದ ಕೋಣೆ, ನಡುವೆ ಒಂದು ಗೋಡೆ. ಮಕ್ಕಳಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ನರ್ಸಮ್ಮನ ಹೃದಯ ಸರಿಯಿರಲಿಲ್ಲ. ಗೇಟು ದಾಟಕೂಡದೆಂದು ಮಗಳು ಕೈ ಹಿಡಿದು ಬೇಡಿಕೊಂಡಳು. ನರ್ಸಮ್ಮ, ತನ್ನ ರೋಗಿಗಳು ತನಗೆ ತಲೆಯಾಡಿಸುತ್ತಿದ್ದಂತೆಯೇ, ತಲೆಯಾಡಿಸಿದಳು.

ಒಂದು ಮಧ್ಯಾಹ್ನ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬುದರ ಮೇಲೆ ಮಾತಿಗೆ ಮಾತು ಬೆಳೆದು, ನರ್ಸಮ್ಮ ಧಡಾರನೆ ಬಾಗಿಲು ಹಾಕಿಕೊಂಡು ಹೊರಟುಹೋದಳು. ಸಿಟ್ಟು ಇಳಿಯದೆ ಟೈಲರಮ್ಮನೂ ಹೊರಬಿದ್ದಳು. ಎರಡು ಬೀದಿ ದಾಟುವಷ್ಟರಲ್ಲಿ ಅವಳಿಗೆ ದಿಕ್ಕು ತಪ್ಪಿತು. ಆಗ ಮುಂದೆ ಕಂಡಿತು, ಒಂದು ಮೇಲೆ ಒಂದು ಕೆಳಗಿನ ಆ ಭುಜ. ಎಷ್ಟು ದಿಮಾಕಿನ ನಡಿಗೆ! ಇವಳಿಗೆ ದಾರಿ ಗೊತ್ತಿದೆ, ಬಾಲ ಹಿಡಿದರೆ ಮನೆ ಸೇರಬಹುದು ಎಂದು ಟೈಲರಮ್ಮ ಹಿಂದೆಯೇ ನಡೆದಳು. ಒಂದೇ ಉದ್ಯಾನವನ್ನು ಮತ್ತೆ ಮತ್ತೆ ಸುತ್ತಿದ ಮೇಲೆ, ಒಂದು ಬೇಕರಿಯ ಮುಂದೆ ನರ್ಸಮ್ಮ ಗಕ್ಕನೆ ತಿರುಗಿದಳು.

“ಇನ್ನೂ ಎಷ್ಟು ಹೊತ್ತು ಅಲೆಸ್ತೀರಿ ನನ್ನ?”

“ನಾನಾ? ನಾನು ನಿಮ್ಮ ಹಿಂದೆ ಬರ್ತಿದ್ದೀನಿ!”

“ನಾನು ಅಂಗಡಿ ಗಾಜಲ್ಲಿ ನಿಮ್ಮನ್ನೇ ನೋಡ್ಕೊಂಡು ನಡೀತಿದ್ದೀನಲ್ರೀ! ನೀವು ಯಾವ ಮೂಲೇಲಿ ನಿಧಾನ ಮಾಡ್ತೀರೋ ಅಲ್ಲಿ ತಿರುಗ್ತಿದ್ದೆ!”

ಇಬ್ಬರೂ ಕಕ್ಕಾಬಿಕ್ಕಿಯಾಗಿ ನಿಂತರು. ಮೊದಲು ನಕ್ಕದ್ದು ನರ್ಸಮ್ಮ. ಟೈಲರಮ್ಮನಿಗೆ ಎಷ್ಟು ನಗು ಬಂತೆಂದರೆ ಬೇಕರಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೇಕರಿಯವನು ಏನೋ ಅನಾಹುತವಾಯಿತೆಂದು ನೀರು ಹಿಡಿದು ಓಡಿಬಂದ. ಒಲೆಯಿಂದ ಆಗತಾನೇ ತೆಗೆದ ಬನ್ನು ಇಬ್ಬರ ಕೈಯಲ್ಲೂ ಹಬೆಯಾಡಿತು. ಮನೆ ಎಲ್ಲಿದೆ ಎಂದು ವಿಚಾರಿಸಿದರೆ, ಬೇಕರಿಯ ಹಿಂದಿನ ಬೀದಿಯಲ್ಲೇ ಇತ್ತು.

ಮರುದಿನ ಮಧ್ಯಾಹ್ನ ನರ್ಸಮ್ಮ ಗೋಡೆ ತಟ್ಟಿದಳು. “ಟೈಲರಮ್ಮ, ದಾರಿ ತಪ್ಪೋಣ್ವಾ?”

ಅಂದಿನಿಂದ ಅದೇ ಕಸುಬಾಯಿತು. ಮೊದಲು ಬಂದ ಬಸ್ಸು ಹತ್ತುವುದು, ಮನಸ್ಸಾದಲ್ಲಿ ಇಳಿಯುವುದು. ಸಂಜೆ ಮಕ್ಕಳು ಬಂದ ಮೇಲೆ ಎಂದಿನಂತೆ ಜಗಳ, ಈಗ ಇನ್ನೂ ಜೋರಾಗಿ. ಹಾವು ಮುಂಗುಸಿಯ ಹಾಗಿರುವ ಇಬ್ಬರು ಕೈ ಕೈ ಹಿಡಿದು ಊರು ಸುತ್ತುತ್ತಾರೆಂದು ಯಾರಿಗೆ ತಾನೇ ಅನುಮಾನ ಬಂದೀತು? ಒಮ್ಮೊಮ್ಮೆ ಬಸ್ಸಿನಲ್ಲೇ ಅವತ್ತಿನ ಜಗಳದ ತಾಲೀಮೂ ನಡೆಯುತ್ತಿತ್ತು.

“ನಾನಿರೋವರೆಗೂ ಬಾಯಿ ಬಿಡಬೇಡಿ,” ಎಂದಿದ್ದಳು ನರ್ಸಮ್ಮ. “ಆಮೇಲೆ ನಿಮ್ಮಿಷ್ಟ.”

*

ಪೆಟ್ಟಿಗೆಯನ್ನು ವ್ಯಾನಿಗೇರಿಸಿದ ಮೇಲೆ ಡ್ರೈವರು ತಲೆ ಕೆರೆದುಕೊಂಡು ನಿಂತ. “ಮೇನ್ ರೋಡ್ ಅಗೆದು ಹಾಕಿದ್ದಾರೆ ಸಾರ್. ಫೋನು ನೋಡಿದ್ರೆ ಅಲ್ಲಿಗೇ ಕರ್ಕೊಂಡು ಹೋಗುತ್ತೆ. ನಾನು ಈ ಊರಿಗೆ ಹೊಸಬ. ಒಳದಾರಿ ಗೊತ್ತಿರೋರು ಯಾರಾದ್ರೂ ಮುಂದೆ ಕೂತ್ಕೊಳ್ಳಿ.”

ಟೈಲರಮ್ಮನ ಮಗ ಸೊಸೆಯ ಮುಖ ನೋಡಿದ, ಸೊಸೆ ಚಿಕ್ಕಮ್ಮನ ಮುಖ ನೋಡಿದಳು. ಮನೆ, ಕಚೇರಿ ಬಿಟ್ಟರೆ ಅವರಿಗೆ ಮೂರನೆಯ ದಾರಿ ಗೊತ್ತಿರಲಿಲ್ಲ.

“ನಂಗೊತ್ತು,” ಎಂದಳು ಟೈಲರಮ್ಮ.

ಎಲ್ಲರೂ ತಿರುಗಿದರು. “ನಿಂಗಾ? ನೀನು ಗೇಟು ದಾಟಿದವಳಲ್ಲ, ಸ್ಮಶಾನ ಎಲ್ಲಿದೆ ಅಂತ ನಿಂಗೇನಮ್ಮಾ ಗೊತ್ತು?” ಎಂದ ಮಗ.

“ಗೊತ್ತು ಅಂದ್ನಲ್ಲ. ಬಾಗಿಲು ತೆಗಿ.”

“ಹಾಗಾದ್ರೆ ನಾನೂ ಮುಂದೇನೇ ಕೂರ್ತೀನಿ,” ಎಂದು ಸೊಸೆ ಕಿಟಕಿಯ ಪಕ್ಕ ಹತ್ತಿದಳು. ಟೈಲರಮ್ಮ ನಡುವೆ ಕೂತಳು. ಹಿಂದೆ ನೆಂಟರ ಕಾರುಗಳು ಒಂದರ ಹಿಂದೊಂದು ಸಾಲುಗಟ್ಟಿದವು.

“ಎಡಕ್ಕೆ,” ಎಂದಳು. “ಈಗ ಬಲಕ್ಕೆ. ಆ ಚಪ್ಪಲಿ ಹೊಲಿಯೋನ ಹತ್ರ ನಿಧಾನ, ಅಲ್ಲಿ ಗುಂಡಿಯಿದೆ.”

ಚಪ್ಪಲಿ ಹೊಲಿಯುವವನು ತಲೆಯೆತ್ತಿದ. ವ್ಯಾನಿನಲ್ಲಿ ಟೈಲರಮ್ಮನನ್ನು ಕಂಡು ಕೈಬೀಸಲು ಹೋದವನು, ಅವಳ ಪಕ್ಕ ಬೇರೆ ಯಾರೋ ಇರುವುದನ್ನು ನೋಡಿದ, ವ್ಯಾನನ್ನು ನೋಡಿದ, ಉಳಿಯನ್ನು ಕೆಳಗಿಟ್ಟು ಎದ್ದುನಿಂತ.

“ಯಾರವನು?” ಎಂದಳು ಸೊಸೆ.

ಟೈಲರಮ್ಮ ಡ್ರೈವರಿಗೆ ಮುಂದಿನ ತಿರುವು ತೋರಿಸಿದಳು. ಮುಂದೆ ಉದ್ಯಾನದ ಕಟ್ಟೆಯ ಮೇಲೆ ಚದುರಂಗ ಆಡುತ್ತಿದ್ದ ಮುದುಕರೂ ಹಾಗೆಯೇ ಎದ್ದರು. ಅವರಲ್ಲೊಬ್ಬ ಟೋಪಿ ತೆಗೆದ. ಸೊಸೆ ಕಿಟಕಿಯಿಂದ ಕತ್ತು ಚಾಚಿ, ಅವರು ಕಣ್ಮರೆಯಾಗುವವರೆಗೂ ನೋಡಿದಳು.

ಬೇಕರಿಯ ಮುಂದೆ ಸಿಗ್ನಲ್ ಬಿತ್ತು. ಬೇಕರಿಯವನು ಕಾಗದದಲ್ಲಿ ಎರಡು ಬನ್ನು ಸುತ್ತಿಕೊಂಡು ನಗುತ್ತಲೇ ಬಂದ. “ಇದೇನು ಇವತ್ತು ವ್ಯಾನಲ್ಲಿ? ಎಲ್ಲಿ ನಮ್ಮ ನರ್ಸಮ್ಮ? ಮತ್ತೆ ಜಗಳವಾ?”

ಟೈಲರಮ್ಮ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದಳು. ಅವನ ನಗು ಹಾಗೇ ನಿಂತುಹೋಯಿತು. ಸೊಸೆಯ ಕಡೆ ನೋಡಿ, “ಮಗಳಾ? ಅದೇ ಮೂಗು,” ಎಂದು ಪೊಟ್ಟಣವನ್ನು ಅವಳ ಮಡಿಲಲ್ಲಿಟ್ಟ. “ತಣ್ಣಗಾಗೋಕೆ ಬಿಡಬೇಡಮ್ಮ. ತಣ್ಣಗಾದ್ರೆ ನಿಮ್ಮಮ್ಮ ನನ್ನ ಬೈತಿದ್ರು.”

ವ್ಯಾನು ಹೊರಟಿತು. ಸೊಸೆ ಅತ್ತೆಯ ಕಡೆ ತಿರುಗಿದಳು. “ಎಷ್ಟು ದಿನದಿಂದ?”

“ನೀವು ನಮ್ಮನ್ನ ಕರ್ಕೊಂಡು ಬಂದ ಸ್ವಲ್ಪ ದಿನಕ್ಕೇ ಶುರು. ದಿನಾ.”

“ಡಾಕ್ಟರ್ ಬೇಡ ಅಂದಿದ್ರು ಅತ್ತೆ! ಗೊತ್ತಿದ್ದೂ ಕರ್ಕೊಂಡು ಹೋದ್ರಲ್ಲ!”

ಯಾವ ಮಾತಿಗೆ ಹೆದರಿದ್ದಳೋ ಆ ಮಾತು ಕೊನೆಗೂ ಬಂದೇಬಿಟ್ಟಿತು. ಟೈಲರಮ್ಮ ಸುಳ್ಳು ಹೇಳಬಹುದಿತ್ತು, ಅವಳೇ ಹಟ ಹಿಡಿದಳು ಎನ್ನಬಹುದಿತ್ತು. “ಹೌದು, ಗೊತ್ತಿತ್ತು. ಒಂದೊಂದು ದಿನ ಅವಳು ಗೋಡೆ ತಟ್ಟೋಳು, ಒಂದೊಂದು ದಿನ ನಾನು. ಮನೇಲೇ ಇದ್ದಿದ್ರೆ ಇನ್ನೂ ಸ್ವಲ್ಪ ದಿನ ಇರ್ತಿದ್ಲೇನೋ. ಬೈಯೋದಿದ್ರೆ ಬೈ, ಕೇಳಿಸಿಕೊಳ್ತೀನಿ. ಆದರೆ ಸುಖ ಕಾಣಲಿಲ್ಲ ಅಂತ ಮಾತ್ರ ಅನ್ನಬೇಡ. ನಿಮ್ಮಮ್ಮನಷ್ಟು ಖುಷಿಯಾಗಿ ಈ ಊರಲ್ಲಿ ಯಾರೂ ಬದುಕಿಲ್ಲ. ಈ ಸ್ಮಶಾನಾನೂ ಅವಳೇ ಹುಡುಕಿದ್ದು. ಒಳ್ಳೆ ನೆರಳು, ಒಳ್ಳೆ ಗಾಳಿ, ಈಗಲೇ ಕೂತು ನೋಡೋಣ ಅಂತ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದ್ವಿ.”

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಅಳುವೋ ನಗುವೋ ಟೈಲರಮ್ಮನಿಗೆ ತಿಳಿಯಲಿಲ್ಲ.

“ಮತ್ತೆ? ಇನ್ನೂ ಏನು ಮಾಡ್ತಿದ್ಲು?”

“ಮುಂದೆ ಕಾರಂಜಿ ಇರೋ ವೃತ್ತ ಬರುತ್ತೆ. ಬಸ್ಸು ಅಲ್ಲಿ ತಿರುಗುವಾಗ ಬೇಕಂತಲೇ ಕಂಬಿ ಬಿಟ್ಟುಬಿಡ್ತಿದ್ಲು. ಜಾರಿ ಬಂದು ನನ್ನ ಮೇಲೆ ಬಿದ್ದು, ಚಿಕ್ಕ ಹುಡುಗಿ ಥರ ನಗೋಳು. ಬಸ್ಸು ಅರ್ಧ ಸುತ್ತು ಹಾಕಿ ಸ್ಟಾಪಿನ ಕಡೆ ಹೋಗಿಬಿಡುತ್ತಲ್ಲ, ಅದೊಂದೇ ಅವಳ ಕೊರಗು. ಪೂರ್ತಿ ಒಂದು ಸುತ್ತು ಹಾಕೋ ಗಂಡಸು ಈ ಊರಲ್ಲಿ ಒಬ್ಬನೂ ಇಲ್ವಾ ಅಂತ ಡ್ರೈವರಿಗೆ ಕೇಳೋ ಹಾಗೆ ಹೇಳೋಳು.”

ಸೊಸೆ ಕಾಗದ ಬಿಚ್ಚಿದಳು. ಒಂದು ಬನ್ನನ್ನು ಅತ್ತೆಯ ಕೈಗಿತ್ತು, ಇನ್ನೊಂದನ್ನು ಕಚ್ಚಿದಳು. ಬಾಯಿ ಸುಟ್ಟರೂ ಬಿಡದೆ, ಕಣ್ಣಲ್ಲಿ ನೀರು ಸುರಿಸುತ್ತಲೇ ತಿಂದಳು.

ವೃತ್ತ ಬಂತು. ನಡುವೆ ಕಾರಂಜಿಯ ನೀರು ಬಿಸಿಲಿಗೆ ಏರಿ ಚದುರುತ್ತಿತ್ತು. ಆಚೆ ಬದಿಯಲ್ಲಿ ಸ್ಮಶಾನದ ಗೇಟು ಕಾಣುತ್ತಿತ್ತು.

“ಗೇಟಿನ ಕಡೆಗೆ ತಾನೇ?” ಎಂದ ಡ್ರೈವರು.

ಟೈಲರಮ್ಮ ಸೊಸೆಯ ಮುಖ ನೋಡಿದಳು.

“ಇಲ್ಲಪ್ಪ,” ಎಂದಳು ಸೊಸೆ. “ಸುತ್ತು ಹಾಕು. ಪೂರ್ತಿ.”

ವ್ಯಾನು ಗೇಟನ್ನು ದಾಟಿ ಮುಂದಕ್ಕೆ ಹೋಯಿತು. ಹಿಂದಿನ ಕಾರುಗಳೂ, ಮುಂದಿದ್ದವನಿಗೆ ದಾರಿ ಗೊತ್ತಿದೆಯೆಂದು ನಂಬಿ, ಒಂದೂ ತಪ್ಪದೆ ಹಿಂಬಾಲಿಸಿದವು. ಕಾರಂಜಿಯ ಆಚೆಗೆ, ನೀರಿನ ಹನಿಗಳ ನಡುವೆ, ಮಗ ತನ್ನ ಕಾರಿನ ಕಿಟಕಿಯಿಂದ ಅರ್ಧ ಹೊರಬಂದು ಗೇಟಿನತ್ತ ಕೈ ತೋರಿಸಿ ಏನೋ ಕೂಗುತ್ತಿದ್ದ. ಟೈಲರಮ್ಮ ಮುಂದಿನ ಕಂಬಿಯಿಂದ ಕೈ ತೆಗೆದಳು. ಜಾರಿಕೊಂಡು ಹೋಗಿ ಸೊಸೆಯ ಭುಜಕ್ಕೆ ಒರಗಿದಳು. ಸೊಸೆ ಅವಳ ಸೊಂಟವನ್ನು ಬಳಸಿ ಹಿಡಿದು, ಬಾಯಲ್ಲಿ ಬನ್ನಿಟ್ಟುಕೊಂಡೇ ಡ್ರೈವರಿಗೆ ಬೆರಳಿನಿಂದ ಸನ್ನೆ ಮಾಡಿದಳು, ಇನ್ನೊಂದು ಸುತ್ತು ಎಂದು.